ಇಂದಿನ ಧಮ್ಮ ಚಿಂತನೆ: ಹಾಕಿಕೊಂಡ ವೇಷ, ಹೊರಿಸಿದ ವೇಷ



ಅನಾತ್ಮದ ಪಾಠ ಬಂದಾಗಲೆಲ್ಲ ನಮ್ಮ ಬಳಗದಲ್ಲಿ ಒಂದು ಪ್ರಶ್ನೆ ಏಳುತ್ತದೆ. 'ನಾನು' ಎಂಬ ಗಟ್ಟಿ ವಸ್ತು ಒಳಗೆ ಇಲ್ಲ ಎಂದು ಭಗವಾನರು ಹೇಳುತ್ತಾರೆ. ಸ್ವಾಭಿಮಾನದಿಂದ ಬದುಕಿ ಎಂದು ಬಾಬಾಸಾಹೇಬರು ಹೇಳುತ್ತಾರೆ. 'ನಾನು' ಇಲ್ಲದ ಮೇಲೆ ಸ್ವಾಭಿಮಾನ ಯಾರದು? ಈ ಪ್ರಶ್ನೆ ಹಗುರವಾದದ್ದಲ್ಲ. ತಲೆಮಾರುಗಳ ಕಾಲ ತಲೆ ತಗ್ಗಿಸಿ ನಡೆದವರ ಮಕ್ಕಳು ಈಗಷ್ಟೇ ತಲೆ ಎತ್ತಿ 'ನಾನು' ಎನ್ನುತ್ತಿದ್ದಾರೆ. ಅವರಿಗೆ ಅದನ್ನೂ ಬಿಡು ಎಂದರೆ ಹೇಗೆ?

ಉತ್ತರಕ್ಕಾಗಿ ಇವತ್ತು ಸ್ವಲ್ಪ ದೂರ ಹೋಗೋಣ, ಲಂಡನ್ನಿನ ಒಂದು ರಾಕ್ ಸಂಗೀತದ ವೇದಿಕೆಗೆ. ಅಲ್ಲಿ ಹಾಡುತ್ತಿರುವವನು ಹುಟ್ಟಿಯೇ ಇಲ್ಲ. ಆದರೂ ಅವನು ಹೋದ ದಿನ ಜನ ಅತ್ತರು.

ಅವನ ಹೆಸರು ಜಿಗ್ಗಿ ಸ್ಟಾರ್‌ಡಸ್ಟ್. ಸ್ಟಾರ್‌ಡಸ್ಟ್ ಎಂದರೆ ನಕ್ಷತ್ರದ ಧೂಳು. ಡೇವಿಡ್ ಬೋವಿ ಎಂಬ ಇಂಗ್ಲಿಷ್ ಗಾಯಕರು ಕಟ್ಟಿದ ಕಲ್ಪಿತ ರಾಕ್ ತಾರೆ ಅವನು. 1972ರ ಜೂನ್‌ನಲ್ಲಿ ಬಂದ ಅವರ ಆಲ್ಬಂ ಅವನ ಏಳುಬೀಳಿನ ಕಥೆ ಹೇಳುತ್ತದೆ. ಭೂಮಿಗೆ ಉಳಿದಿರುವುದು ಐದೇ ವರ್ಷ. ಆಗ ಜಿಗ್ಗಿ ಗಿಟಾರ್ ಹಿಡಿದು ಆಕಾಶದಿಂದ ಬಂದ ಭರವಸೆಯ ಸುದ್ದಿಯನ್ನು ಮಕ್ಕಳಿಗೆ ಹಾಡುತ್ತಾನೆ. ಜನ ಅವನನ್ನು ಉದ್ಧಾರಕ ಎಂದು ಹೊತ್ತು ಮೆರೆಸುತ್ತಾರೆ. ಅವನೂ ಅದನ್ನು ನಂಬುತ್ತಾನೆ. ಅಹಂಕಾರ ಬೆಳೆಯುತ್ತದೆ, ತಂಡ ಒಡೆಯುತ್ತದೆ, ಕೊನೆಗೆ ಆ ಮೆರವಣಿಗೆಯೇ ಅವನನ್ನು ನುಂಗುತ್ತದೆ.

ಈ ಜಿಗ್ಗಿ ಯಾವುದರಿಂದ ಆದವನು? ಬೋವಿಯವರೇ ಹೇಳಿದಂತೆ, 'ಜಿಗ್ಗಿ' ಎಂಬ ಹೆಸರು ರೈಲಿನಲ್ಲಿ ಹೋಗುವಾಗ ಕಂಡ ಒಂದು ದರ್ಜಿ ಅಂಗಡಿಯ ಫಲಕದಿಂದ ಬಂತು. 'ಸ್ಟಾರ್‌ಡಸ್ಟ್' ಅಮೆರಿಕದ ಒಬ್ಬ ಗಾಯಕನ ಹೆಸರಿನ ತುಂಡು. ಕಥೆಗೆ ಪ್ರೇರಣೆ ಕೊಟ್ಟವರಲ್ಲಿ ಮನಸ್ಸಿನ ಸ್ತಿಮಿತ ತಪ್ಪಿ ತನ್ನನ್ನೇ ದೈವವೆಂದು ಭಾವಿಸಿದ ವಿನ್ಸ್ ಟೇಲರ್ ಎಂಬ ರಾಕ್ ಗಾಯಕರಿದ್ದರು. ಉಡುಪುಗಳಲ್ಲಿ ಕೆಲವು ಜಪಾನಿನ ಕನ್ಸಾಯ್ ಯಮಮೊಟೊ ಅವರ ವಿನ್ಯಾಸ. ಕೆಂಪು ಕೂದಲು ಬಣ್ಣದ ಡಬ್ಬಿಯದು. ಅಷ್ಟೇ ಏಕೆ, 'ಬೋವಿ' ಎಂಬುದೂ ಹುಟ್ಟು ಹೆಸರಲ್ಲ. 1947ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಹುಟ್ಟಿದಾಗ ಅವರು ಡೇವಿಡ್ ಜೋನ್ಸ್.

ನಾಗಸೇನ ಭಂತೆಯವರು ಮಿಲಿಂದ ರಾಜನಿಗೆ ರಥದ ಉದಾಹರಣೆ ಕೊಟ್ಟದ್ದು ನೆನಪಿದೆಯಲ್ಲ? ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ. ಇವೆಲ್ಲ ಕೂಡಿದಾಗ ಇಟ್ಟ ಹೆಸರು ರಥ. ಜಿಗ್ಗಿಯೂ ಅಂಥ ರಥ. ನೀವು, ನಾನು ಕೂಡ.

ಬೋವಿಯವರಿಗೆ ಈ ಪಾಠ ಹೊಸದಲ್ಲ. 1960ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಚಿಮೆ ರಿಂಪೋಚೆ ಎಂಬ ಟಿಬೆಟಿನ ಗುರುಗಳ ಬಳಿ ಅವರು ಬೌದ್ಧ ಪಾಠ ಕೇಳಿದ್ದರು. ಭಿಕ್ಖುವಾಗುವ ಯೋಚನೆಯನ್ನೂ ಮಾಡಿದ್ದರು. ಕೊನೆಗೆ ಸಂಗೀತವನ್ನೇ ಆರಿಸಿಕೊಂಡರು.

1973ರ ಜುಲೈ 3ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ ಜಿಗ್ಗಿಯ ಕೊನೆಯ ಕಾರ್ಯಕ್ರಮ ನಡೆಯಿತು. ಇದೇ ನಮ್ಮ ಕಡೆಯ ಪ್ರದರ್ಶನ ಎಂದು ಬೋವಿ ವೇದಿಕೆಯಿಂದಲೇ ಘೋಷಿಸಿದರು. ಖ್ಯಾತಿಯ ತುದಿಯಲ್ಲಿದ್ದಾಗ ವೇಷ ಕಳಚುವುದು ಸಣ್ಣ ಮಾತಲ್ಲ. ಆದರೆ ಒಂದು ವಿಷಯ ಗಮನಿಸಿ. ಅವರ ಜೊತೆ ಬಾರಿಸುತ್ತಿದ್ದ ಇಬ್ಬರು ವಾದಕರಿಗೆ, ಟ್ರೆವರ್ ಬೋಲ್ಡರ್ ಮತ್ತು ಮಿಕ್ ವುಡ್‌ಮನ್ಸಿ ಅವರಿಗೆ, ಈ ಸುದ್ದಿ ತಿಳಿದದ್ದು ಆ ವೇದಿಕೆಯ ಮೇಲೆಯೇ. ನಾವು ಏನನ್ನಾದರೂ ಬಿಡುವಾಗ ಪಕ್ಕದಲ್ಲಿರುವವರ ಅನ್ನದ ಯೋಚನೆಯೂ ನಮಗಿರಬೇಕು. ಮಾಡುವ ಕೆಲಸ ಸರಿಯಿದ್ದರೂ ಸಮ್ಮಾ ವಾಚಾ ತಪ್ಪಬಾರದು.

ಇನ್ನೂ ದೊಡ್ಡ ಪಾಠ ಮುಂದಿದೆ. ನಮ್ಮ ದೊಡ್ಡಾಟದಲ್ಲಿ ರಾತ್ರಿಯೆಲ್ಲ ರಾವಣನಾಗಿ ಅಬ್ಬರಿಸಿದವನು ಬೆಳಿಗ್ಗೆ ಬಣ್ಣ ತೊಳೆದು ಹೊಲಕ್ಕೆ ಹೋಗುತ್ತಾನೆ. ಬೋವಿಯವರಿಗೆ ಬಣ್ಣ ಅಷ್ಟು ಸುಲಭವಾಗಿ ಹೋಗಲಿಲ್ಲ. ಪಾತ್ರ ಎಲ್ಲಿ ಮುಗಿಯುತ್ತದೆ, ತಾನು ಎಲ್ಲಿ ಶುರುವಾಗುತ್ತೇನೆ ಎಂಬುದೇ ತಿಳಿಯದೆ ಹೋಯಿತು ಎಂದು ಅವರೇ ಮುಂದೆ ಹೇಳಿಕೊಂಡರು. ಒಂದು ವೇಷ ಬಿಟ್ಟು ಇನ್ನೊಂದು ಹಿಡಿದರು. ಲಾಸ್ ಏಂಜಲೀಸ್‌ನಲ್ಲಿ ಕೊಕೇನ್ ಚಟಕ್ಕೆ ಬಿದ್ದರು. ಆ ದಿನಗಳಲ್ಲಿ, 1976ರ ಸುಮಾರಿಗೆ, ಸರ್ವಾಧಿಕಾರವನ್ನೂ ಹಿಟ್ಲರನನ್ನೂ ಮೆಚ್ಚಿದಂಥ ಮಾತುಗಳನ್ನು ಸಂದರ್ಶನಗಳಲ್ಲಿ ಆಡಿದರು. ಆಮೇಲೆ ಅದಕ್ಕಾಗಿ ವಿಷಾದಿಸಿದರು. ನಶೆಯನ್ನೂ ಪಾತ್ರವನ್ನೂ ಕಾರಣವಾಗಿ ಕೊಟ್ಟರು.

'ಅದು ನಾನಲ್ಲ, ಪಾತ್ರ' ಎನ್ನುವುದು ಅನಾತ್ಮವೇ? ಅಲ್ಲ. ಮಜ್ಝಿಮ ನಿಕಾಯದಲ್ಲಿ ಒಬ್ಬ ಭಿಕ್ಖುವಿಗೆ ಇಂಥದೇ ಯೋಚನೆ ಬರುತ್ತದೆ. ಎಲ್ಲವೂ ಅನಾತ್ಮವಾದರೆ ಮಾಡಿದ ಕರ್ಮದ ಫಲ ಯಾರಿಗೆ ತಗಲುತ್ತದೆ ಎಂದು. ಭಗವಾನರು ಅದನ್ನು ದಾರಿ ತಪ್ಪಿದ ಯೋಚನೆ ಎಂದರು. ಗಟ್ಟಿಯಾದ 'ನಾನು' ಇಲ್ಲದಿರಬಹುದು, ಆಡಿದ ಮಾತು ಕೇಳಿದವರ ಕಿವಿಯಲ್ಲಿ ಇದ್ದೇ ಇರುತ್ತದೆ.

ಬುದ್ಧರ ಕಾಲದಲ್ಲೂ ಒಬ್ಬ ತಾರೆ ಇದ್ದ. ಹೆಸರು ತಾಲಪುಟ, ನಟರ ತಂಡದ ಒಡೆಯ. ಜನರನ್ನು ನಗಿಸಿ ರಂಜಿಸುವ ನಟ ಸತ್ತ ಮೇಲೆ ದೇವತೆಗಳ ಜೊತೆ ಹುಟ್ಟುತ್ತಾನೆ ಎಂದು ಹಿಂದಿನ ಗುರುಗಳು ಹೇಳಿದ್ದಾರೆ, ನೀವೇನು ಹೇಳುತ್ತೀರಿ ಎಂದು ಅವನು ಕೇಳಿದ. ಇದನ್ನು ಕೇಳಬೇಡ ಎಂದು ಭಗವಾನರು ತಡೆದರು. ಪಟ್ಟು ಬಿಡದೆ ಮೂರು ಸಲ ಕೇಳಿದಾಗ ನಿಜ ಹೇಳಿದರು: ತಾನೂ ಮೈಮರೆತು, ಮೊದಲೇ ಆಸೆಯಲ್ಲಿ ಸಿಕ್ಕಿಕೊಂಡವರನ್ನು ಇನ್ನಷ್ಟು ಮೈಮರೆಸುವವನಿಗೆ ಒಳ್ಳೆಯ ಗತಿ ಇಲ್ಲ. ತಾಲಪುಟ ಅತ್ತ. ಭಗವಾನರ ಮಾತಿಗೆ ಅತ್ತದ್ದಲ್ಲ. ಇಷ್ಟು ಕಾಲ ಆ ಗುರುಗಳು ತನಗೆ ಮೋಸ ಮಾಡಿದರಲ್ಲ ಎಂದು ಅತ್ತ. ಆಮೇಲೆ ಸಂಘ ಸೇರಿ ಅರಹಂತನಾದ.

ಆ ಅಳು ನಮಗೆ ಚೆನ್ನಾಗಿ ಗೊತ್ತು ಬಂಧುಗಳೇ. ನಮ್ಮ ಅಜ್ಜ ಅಜ್ಜಿಯರಿಗೂ ಹೀಗೇ ಹೇಳಿದ್ದರು: ನಿನ್ನ ಆತ್ಮದ ಹಿಂದಿನ ಜನ್ಮದ ಪಾಪ, ಅದಕ್ಕೇ ಈ ಹುಟ್ಟು, ಅದಕ್ಕೇ ಊರ ಹೊರಗಿನ ಕೇರಿ. ಜಿಗ್ಗಿಯ ವೇಷವನ್ನು ಬೋವಿ ತಾವೇ ಹೊಲಿಸಿಕೊಂಡದ್ದು, ತಾವೇ ಬಿಚ್ಚಿದ್ದು. ನಮ್ಮ ಮೇಲಿನ ವೇಷವನ್ನು ಬೇರೆಯವರು ಹೊಲಿದು, ನಾವು ಹುಟ್ಟುವ ಮೊದಲೇ ಹೊರಿಸಿ, ಇದೇ ನಿನ್ನ ಚರ್ಮ ಎಂದು ನಂಬಿಸಿದರು.

ಬೋವಿ ತೀರಿಕೊಂಡದ್ದು 2016ರ ಜನವರಿ 10ರಂದು, ತಮ್ಮ 69ನೇ ಹುಟ್ಟುಹಬ್ಬದ ಎರಡು ದಿನಗಳ ನಂತರ. ತಮ್ಮ ಚಿತಾಭಸ್ಮವನ್ನು ಬೌದ್ಧ ವಿಧಿಯಂತೆ ಬಾಲಿ ದ್ವೀಪದಲ್ಲಿ ಚೆಲ್ಲಬೇಕೆಂದು ಉಯಿಲಿನಲ್ಲಿ ಬರೆಸಿದ್ದರು. ಸರಿಯಾಗಿ ಏಳು ದಿನಗಳ ನಂತರ, 17ರಂದು, ಹೈದರಾಬಾದಿನಲ್ಲಿ ರೋಹಿತ್ ವೇಮುಲ ನಮ್ಮನ್ನು ಅಗಲಿದರು. ಅವರ ಕೊನೆಯ ಪತ್ರದಲ್ಲೂ ನಕ್ಷತ್ರದ ಧೂಳಿನ ಮಾತಿದೆ. ಇದು ಕಾಕತಾಳೀಯ, ಇದರಲ್ಲಿ ದೈವಸಂಕೇತ ಹುಡುಕುವವರು ನಾವಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರಿಗೆ ನಕ್ಷತ್ರದ ಧೂಳು ಹಾಕಿ ಬಿಚ್ಚಬಹುದಾದ ಅಂಗಿ. ಇನ್ನೊಬ್ಬರಿಗೆ ಅದು ಮನುಷ್ಯನ ನಿಜವಾದ ಬೆಲೆ. ಲೋಕ ಆ ಬೆಲೆಯನ್ನು ಕಾಣದೆ ಹುಟ್ಟಿನ ಗುರುತಿಗೇ ಮನುಷ್ಯನನ್ನು ಕಟ್ಟಿಹಾಕಿತು ಎಂಬುದು ಅವರ ಸಂಕಟ. ಅದೇ ವರ್ಷದ ಏಪ್ರಿಲ್ 14ರಂದು ಅವರ ತಾಯಿ ಮತ್ತು ತಮ್ಮ ಮುಂಬೈಯಲ್ಲಿ ಧಮ್ಮ ಸ್ವೀಕರಿಸಿದರು.

ಈಗ ಮೊದಲಿನ ಪ್ರಶ್ನೆಗೆ ಉತ್ತರ. ಬಾಬಾಸಾಹೇಬರು ತಮ್ಮ 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಆತ್ಮದ ನಂಬಿಕೆಯನ್ನು ಧಮ್ಮವಲ್ಲದ್ದರ ಪಟ್ಟಿಗೆ ಸೇರಿಸಿದರು. ಯಾಕೆ? ಬದಲಾಗದ ಆತ್ಮ ಇದೆ ಎಂದರೆ ತಾನೇ ಅದರ ಮೇಲೆ ಮೇಲು ಕೀಳಿನ ಮುದ್ರೆ ಒತ್ತುವುದು? ಒಳಗೆ ಅಂಥದ್ದೇನೂ ಇಲ್ಲ ಎಂದಾದರೆ ಮುದ್ರೆ ಒತ್ತಲು ಜಾಗವೇ ಇಲ್ಲ. ಆದ್ದರಿಂದ ಅನಾತ್ಮವು ಸ್ವಾಭಿಮಾನದ ಶತ್ರುವಲ್ಲ, ಅದರ ಬುನಾದಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಒಂದೇ ದಿನದಲ್ಲಿ ಹಳೆಯ ಗುರುತು ಬಿಟ್ಟು ಎದ್ದು ನಿಲ್ಲಲು ಸಾಧ್ಯವಾದದ್ದು, ಆ ಗುರುತು ಎಂದೂ ಅವರ ಚರ್ಮವಾಗಿರಲಿಲ್ಲ ಎಂಬ ಕಾರಣಕ್ಕೆ. ಸ್ವಾಭಿಮಾನ ಎಂದರೆ 'ನಾನು ಇಂಥವನು' ಎಂಬ ಜಂಬವಲ್ಲ. ನಾನು ಇಂಥವನೇ ಎಂದು ಬೇರೆಯವರು ತೀರ್ಮಾನಿಸಲು ಬಿಡದಿರುವುದು.

ಒಂದು ಎಚ್ಚರಿಕೆ. 'ಬೌದ್ಧ' ಎಂಬುದನ್ನೂ ನಾವು ವೇಷ ಮಾಡಿಕೊಳ್ಳಬಹುದು. ನೀಲಿ ಶಾಲು, ಬಿಳಿ ಬಟ್ಟೆ, ವೇದಿಕೆ, ಹಾರ, ಸ್ಟೇಟಸ್ಸಿನಲ್ಲಿ ಫೋಟೊ. ಮನೆಯಲ್ಲಿ ಪಂಚಶೀಲ ಇಲ್ಲದಿದ್ದರೆ ಇವೆಲ್ಲ ಜಿಗ್ಗಿಯ ಕೆಂಪು ಕೂದಲಿನಂತೆ. ವ್ಯಕ್ತಿಪೂಜೆಯೂ ಅಷ್ಟೇ. ರಾಜಕಾರಣದಲ್ಲಿ ಭಕ್ತಿಯು ಅವನತಿಯ ದಾರಿ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದವರು ಬಾಬಾಸಾಹೇಬರೇ. ಅವರನ್ನು ಓದಬೇಕು. ಹೊತ್ತು ಮೆರೆಸಿದರೆ ಸಾಲದು.

ಇಂದಿನ ಅಭ್ಯಾಸ: ಐದು ನಿಮಿಷ ಉಸಿರು ಗಮನಿಸಿ ಕುಳಿತು ಎರಡು ಪ್ರಶ್ನೆ ಕೇಳಿಕೊಳ್ಳಿ. ಬೇರೆಯವರು ಹೊರಿಸಿದ ಯಾವ ಹೆಸರನ್ನು ನಾನು ಇನ್ನೂ ಹೊತ್ತು ತಿರುಗುತ್ತಿದ್ದೇನೆ? ನಾನೇ ಹಾಕಿಕೊಂಡ ಯಾವ ವೇಷ ಮೈಗೆ ಅಂಟಿಕೊಳ್ಳುತ್ತಿದೆ?

ಓದುತ್ತಿರುವ ಮಕ್ಕಳಿಗೆ ಒಂದು ಮಾತು. ಹಾಸ್ಟೆಲ್ಲಿನಲ್ಲೋ ಕಾಲೇಜಿನಲ್ಲೋ ಆ ಹೊರಿಸಿದ ಹೆಸರಿನ ಭಾರ ತಡೆಯಲಾರದಷ್ಟಾದರೆ ಒಬ್ಬರೇ ಹೊರಬೇಡಿ. ಎಷ್ಟು ಹೊತ್ತಾಗಿದ್ದರೂ ಬಳಗದ ಯಾರಿಗಾದರೂ ಫೋನ್ ಮಾಡಿ. ಸಂಘಂ ಸರಣಂ ಗಚ್ಛಾಮಿ ಎಂದು ದಿನವೂ ಹೇಳುವುದರ ಅರ್ಥವೇ ಅದು.

ಭವತು ಸಬ್ಬ ಮಂಗಳಂ. ಸಾಧು, ಸಾಧು, ಸಾಧು.
ಜೈಭೀಮ್.