ಹೆಸರಿಟ್ಟವರು, ಹೆಸರು ಹಿಡಿದು ಕರೆದವರು

ಸಕಲೇಶಪುರ, ಆಲೂರು ಸೀಮೆಯ ಹಲವೆಡೆ ಊರಿನ ಹೆಸರನ್ನು ದೇವರ ಹೆಸರಿನಿಂದ ಬಿಡಿಸಲಾಗದು. ಹೇಮಾವತಿ ದಡದ ಸಕಲೇಶಪುರ ಸಕಲೇಶ್ವರನ ಊರು. ಆಲೂರು ತಾಲ್ಲೂಕಿನ ಹೋಬಳಿಯೊಂದು ಕಾಗದಪತ್ರಗಳಲ್ಲಿ ಕೆ. ಹೊಸಕೋಟೆಯಾದರೂ ಹರಕೆ ಹೊತ್ತವರಿಗೆ ಅದು ಕೆಂಚಮ್ಮನ ಹೊಸಕೋಟೆಯೇ. ನೆಲ ಮೊದಲು ದೇವತೆಯದು, ಮನುಷ್ಯ ಅವಳ ಅಪ್ಪಣೆ ಪಡೆದು ಬಾಳುವವನು ಎಂಬ ನಂಬಿಕೆ ಇದರ ಹಿಂದಿದೆ. ಹಾಗಾದರೆ ಹೊರಗಿನಿಂದ ಬಂದವನು ಇಟ್ಟ ಹೆಸರು ನೆಲಕ್ಕೆ ಅಂಟುವುದು ಹೇಗೆ?

ಈ ಪ್ರಶ್ನೆ ಇಲ್ಲಿಗೆ ಯುರೋಪಿಯನ್ ತೋಟಗಾರರು ಬರುವ ಮೊದಲೇ ಎದ್ದಿತ್ತು. ಇಲ್ಲಿನ ಐಗೂರು ನಾಯಕರ ಬಲಂ ಸೀಮೆಯಲ್ಲಿ ಟಿಪ್ಪು ಸುಲ್ತಾನ್ 1792ರಲ್ಲಿ ನಕ್ಷತ್ರಾಕಾರದ ಕೋಟೆ ಕಟ್ಟಿಸಿದ. ಬೆಟ್ಟ ಮುಚ್ಚಿದ ಮಂಜನ್ನು ಕಂಡು ಅದನ್ನು ಮಂಜರಾಬಾದ್ ಎಂದು ಕರೆದನೆಂಬುದು ಪ್ರತೀತಿ. 1802ರಲ್ಲಿ ಬಲಂನ ವೆಂಕಟಾದ್ರಿ ನಾಯಕನನ್ನು ಬ್ರಿಟಿಷರು ಗಲ್ಲಿಗೇರಿಸಿದರು. ಬಲಂ ಎಂಬ ಹೆಸರು ಮರೆಯಾಯಿತು. ಟಿಪ್ಪು ಇಟ್ಟ ಹೆಸರು ತಾಲ್ಲೂಕಿನದಾಗಿ ಮುಂದುವರಿಯಿತು.

1843ರಲ್ಲಿ ಫ್ರೆಡರಿಕ್ ಗ್ರೀನ್ ಇಲ್ಲಿ ಕಾಫಿ ತೋಟ ಆರಂಭಿಸಿದ. ಅವನ ಹಿಂದೆ ಇತರ ಪ್ಲಾಂಟರುಗಳು ಬಂದರು. ಹೆಸರಿಡುವ ವಿಷಯದಲ್ಲಿ ಇವರು ಅಮೆರಿಕಕ್ಕೆ ಹೋದವರಂತಲ್ಲ. ಅಲ್ಲಿಗೆ ಹೋದ ಇಂಗ್ಲಿಷ್ ವಲಸಿಗರು ಮೂಲನಿವಾಸಿಗಳ ನೌಮ್‌ಕೀಗನ್ನು ಬೈಬಲ್ಲಿನ ಸೇಲಂ ಆಗಿ ಮಾರ್ಪಡಿಸಿದ್ದರು. ರೋಜರ್ ವಿಲಿಯಮ್ಸ್ 1636ರಲ್ಲಿ ತನ್ನ ನೆಲೆಗೆ ದೇವರ ಕಾಪನ್ನು ನೆನೆದು ಪ್ರಾವಿಡೆನ್ಸ್ ಎಂದು ಹೆಸರಿಟ್ಟಿದ್ದ. ಅವರು ಹೊಸ ಧರ್ಮಸಮಾಜ ಕಟ್ಟಲು ಹೊರಟವರು. ಮಲೆನಾಡಿಗೆ ಬಂದವರಾದರೋ ಇದ್ದ ಊರುಗಳ ನಡುವೆ ತೋಟ ಮಾಡಿಕೊಂಡವರು. ಹಾರ್ಲೆಯಂಥ ಹೆಸರು ಎಸ್ಟೇಟಿನ ಬೇಲಿಯೊಳಗೇ ನಿಂತಿತು, ಕಾಡುಮನೆ ಎಸ್ಟೇಟಿನ ಹೆಸರು ಕನ್ನಡದಲ್ಲೇ ಉಳಿಯಿತು. ಪ್ಲಾಂಟರ್ ಜೀವನದ ಬಗ್ಗೆ ಪುಸ್ತಕಗಳನ್ನೇ ಬರೆದ ರಾಬರ್ಟ್ ಎಲಿಯಟ್ ಕೂಡ ತನ್ನ ಬರ್ಚಿನಹಳ್ಳ ತೋಟದ ಹೆಸರು ಬದಲಿಸಲಿಲ್ಲ.

ಅವರ ಧರ್ಮವೂ ಹಳೆಯ ಹೆಸರನ್ನು ಅಳಿಸಲಿಲ್ಲ. ಆಲೂರು, ಸಕಲೇಶಪುರದ ಯುರೋಪಿಯನ್ ತೋಟಗಾರರಿಗಾಗಿ ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಶೆಟ್ಟಿಹಳ್ಳಿಯಲ್ಲಿ ಕಟ್ಟಿದ ರೋಸರಿ ಚರ್ಚ್ ಜನರ ಬಾಯಲ್ಲಿ ಶೆಟ್ಟಿಹಳ್ಳಿ ಚರ್ಚ್ ಆಯಿತು. ಗೊರೂರು ಅಣೆಕಟ್ಟೆಯ ಹಿನ್ನೀರು ಊರನ್ನು ಖಾಲಿ ಮಾಡಿಸಿದ ಮೇಲೂ ಆ ಹೆಸರನ್ನು ದೂರದವರಿಗೆ ತಲುಪಿಸುತ್ತಿರುವುದು ಈ ಪಾಳು ಚರ್ಚೇ.

ಹೆಸರಿಡಲು ಅಧಿಕಾರ ಸಾಕು. ಅದು ಬಾಳಬೇಕಾದರೆ ಜನ ಹರಕೆಯಲ್ಲೋ ಸಂಕಟದಲ್ಲೋ ಅದನ್ನು ಕರೆಯಬೇಕು. ಮಂಜರಾಬಾದ್ ಇಂದು ಕೋಟೆಗೆ ಉಳಿದ ಹೆಸರು. ತಾಲ್ಲೂಕು, ವರ್ಷವರ್ಷವೂ ತೇರೇರುವ ಸಕಲೇಶ್ವರನ ಹೆಸರನ್ನು ಹೊತ್ತಿದೆ. ಯುರೋಪಿಯನ್ ಹೆಸರುಗಳಲ್ಲಿ ಊರವರೆಲ್ಲರ ನಾಲಿಗೆಗೆ ಬಂದದ್ದು ಕ್ರಾಫರ್ಡ್. ಸಕಲೇಶಪುರದ ಸರ್ಕಾರಿ ಆಸ್ಪತ್ರೆಗೆ ಆ ಹೆಸರಿದೆ. ಜ್ವರ, ಹೆರಿಗೆ ಎಂದು ಸುತ್ತಲ ಹಳ್ಳಿಗಳ ಜನ ಅಲ್ಲಿಗೆ ಬರುತ್ತಾರೆ.