ಗುಂಡಿ ಒತ್ತಿದವರೆಲ್ಲ ಛಾಯಾಗ್ರಾಹಕರೇ?



2022ರ ಮಳೆಗಾಲದ ಕೊನೆಯಲ್ಲಿ ನಮ್ಮ ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿಯ ಇಳಿಜಾರುಗಳಲ್ಲಿ ನೀಲಕುರಿಂಜಿ ಅರಳಿದ್ದು ನಿಮಗೆ ನೆನಪಿರಬಹುದು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಹೂವು ಎಂದು ಊರೂರುಗಳಿಂದ ಜನ ಬಂದರು. ಬಂದವರ ಕೈಯಲ್ಲೆಲ್ಲ ಮೊಬೈಲ್ ಇತ್ತು, ಆದ್ದರಿಂದ ಎಲ್ಲರ ಕೈಯಲ್ಲೂ ಕ್ಯಾಮೆರಾ ಇತ್ತು. ಹೂವಿಗೆ ಬೆನ್ನು ಹಾಕಿ ನಿಂತು ತಮ್ಮ ಮುಖವನ್ನು ತಾವೇ ತೆಗೆದುಕೊಂಡವರು ಎಷ್ಟೋ ಮಂದಿ. ಅವರಲ್ಲಿ ಕೆಲವರು ಹೂವನ್ನು ಸರಿಯಾಗಿ ನೋಡಿದ್ದು ಬಹುಶಃ ಮನೆ ಸೇರಿದ ಮೇಲೆ, ಪರದೆಯ ಮೇಲೆ. ಅಂದು ಗುಡ್ಡದ ಮೇಲಿದ್ದವರಲ್ಲಿ ಛಾಯಾಗ್ರಾಹಕರು ಎಷ್ಟು ಮಂದಿ? ಎಲ್ಲರೂ ಎನ್ನೋಣವೇ?

ಇದು ಸ್ಟುಡಿಯೋದವರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ನಮ್ಮ ಮನೆಗಳ ಜ್ಞಾನಸ್ನಾನ, ಮದುವೆ, ಮರಣ ಯಾವುದೂ ಈಗ ಕ್ಯಾಮೆರಾದಿಂದ ತಪ್ಪಿಸಿಕೊಳ್ಳುವುದಿಲ್ಲ. ಹಾಗಿರುವಾಗ ಈ ಕೆಲಸವನ್ನು ಮಾಡುವವನು ಯಾರು, ಅವನ ಹೊಣೆ ಏನು ಎಂದು ಕೇಳಿಕೊಳ್ಳಲೇಬೇಕು.

ಗುಂಡಿ ಒತ್ತಿದವನೇ ಛಾಯಾಗ್ರಾಹಕ ಎಂದರೆ ಲೆಕ್ಕ ಸುಲಭ. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಕ್ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದದ್ದು ಈ ನಂಬಿಕೆಯ ಮೇಲೆಯೇ. ನೂರು ಚಿತ್ರಗಳ ಸುರುಳಿ ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳುಹಿಸಿದರಾಯಿತು, ಉಳಿದದ್ದನ್ನು ಅವರೇ ಮಾಡುತ್ತಿದ್ದರು. ಆದರೆ ಗುಂಡಿಯನ್ನು ಕೋತಿಯೂ ಒತ್ತಬಲ್ಲದು. ಇಂಡೋನೇಷ್ಯಾದ ಸುಲವೇಸಿ ದ್ವೀಪದಲ್ಲಿ ಬ್ರಿಟನ್ನಿನ ಡೇವಿಡ್ ಸ್ಲೇಟರ್ ಎಂಬವರ ಕ್ಯಾಮೆರಾದಲ್ಲಿ ಕೋತಿಯೊಂದು ಹಲ್ಲು ಕಿರಿದು ತನ್ನದೇ ಚಿತ್ರ ತೆಗೆದುಕೊಂಡಿತು. 2011ರಲ್ಲಿ ಅದು ಪತ್ರಿಕೆಗಳಲ್ಲಿ ಬಂತು. ಚಿತ್ರದ ಹಕ್ಕು ಯಾರದು ಎಂಬ ಜಗಳ ಅಮೆರಿಕದ ನ್ಯಾಯಾಲಯದವರೆಗೆ ಹೋಗಿ, 2018ರಲ್ಲಿ ಮೇಲ್ಮನವಿ ನ್ಯಾಯಾಲಯವು ಕೋತಿಗೆ ಅಂಥ ಹಕ್ಕಿಲ್ಲ ಎಂದಿತು. ನಗಬೇಡಿ. ನಮ್ಮ ಭದ್ರಾ ಅರಣ್ಯದಲ್ಲೂ ಹುಲಿಗಳು ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳುತ್ತವೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲೂ ಭದ್ರಾದಲ್ಲೂ ಹುಲಿಗಳ ಎಣಿಕೆಗೆ ಬಳಸಿದ ಕ್ಯಾಮೆರಾಗಳ ಎದುರು ಪ್ರಾಣಿ ಹಾದುಹೋದರೆ ಸಾಕು, ಚಿತ್ರ ಮೂಡುತ್ತದೆ. ಹುಲಿಯ ಎಡಮೈಯ ಪಟ್ಟೆಯೇ ಬೇರೆ, ಬಲಮೈಯ ಪಟ್ಟೆಯೇ ಬೇರೆ. ಆದ್ದರಿಂದ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಬೇಕು. ಅಲ್ಲಿ ಗುಂಡಿ ಒತ್ತುವವರೇ ಇಲ್ಲ. ಆದರೂ ಆ ಚಿತ್ರ ಹುಲಿಯದಲ್ಲ. ಹುಲಿ ಯಾವ ದಾರಿಯಲ್ಲಿ ನಡೆಯುತ್ತದೆ ಎಂದು ಅರಿತು, ಮೊದಲೇ ಅಲ್ಲಿಗೆ ನಡೆದು ಹೋದವರದು.

ಇಲ್ಲಿ ಸಂತ ತೋಮಾಸ್ ಅಕ್ವಿನಾಸರ ಒಂದು ಉದಾಹರಣೆ ನೆರವಿಗೆ ಬರುತ್ತದೆ. ಕೊಡಲಿ ತನ್ನ ಹರಿತದಿಂದ ಮರವನ್ನು ಸೀಳುತ್ತದೆ, ಆದರೆ ಮಂಚವಾಗುವುದು ಬಡಗಿಯ ಕಲೆಯಿಂದ. (ಸಂಸ್ಕಾರಗಳ ಬಗ್ಗೆ ಹೇಳುವಾಗ ಅವರು ಕೊಡುವ ಹೋಲಿಕೆ ಇದು. ನೀರು ಸಾಧನ, ಕೃಪೆ ದೇವರದು.) ಇಂದಿನ ತೊಡಕೆಂದರೆ ನಮ್ಮ ಕೈಯಲ್ಲಿರುವ ಕೊಡಲಿಗೆ ಮಂಚ ಮಾಡುವುದೂ ಗೊತ್ತು! ಬೆಳಕನ್ನು ಅದೇ ಅಳೆಯುತ್ತದೆ, ಮುಖವನ್ನು ಅದೇ ಹುಡುಕುತ್ತದೆ, ಮೈಬಣ್ಣವನ್ನೂ ಅದೇ ತಿದ್ದುತ್ತದೆ. ಬಡಗಿಗೆ ಉಳಿದದ್ದು ಎಲ್ಲಿ ನಿಲ್ಲಬೇಕು, ಯಾವಾಗ, ತೆಗೆಯಬೇಕೇ ಬೇಡವೇ ಎನ್ನುವುದಷ್ಟೆ.

ಆ ಅಷ್ಟನ್ನೇ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಬದುಕಿನ ದೊಡ್ಡ ಕೆಲಸವಾಗಿ ಮಾಡಿಕೊಂಡಿದ್ದರು. ಅವರ ಕಾಲದ್ದು ಫಿಲ್ಮಿನ ಕ್ಯಾಮೆರಾ, ಒಂದು ರೋಲಿಗೆ ಮೂವತ್ತಾರು ಚಿತ್ರ. ಹಕ್ಕಿಯೊಂದಕ್ಕಾಗಿ ಮರೆಯಲ್ಲಿ ಗಂಟೆಗಟ್ಟಲೆ ಕೂರಬೇಕಾದವನಿಗೆ ಅದರ ಊಟ, ಗೂಡು, ಭಯ ಎಲ್ಲ ತಿಳಿಯುತ್ತ ಹೋಗುತ್ತದೆ. 2007ರಲ್ಲಿ ಅವರು ತೀರಿಕೊಂಡಾಗ ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಪುಸ್ತಕಗಳನ್ನೂ ಬಿಟ್ಟುಹೋಗಿದ್ದರು. ಚಿತ್ರಗಳಷ್ಟೇ ಆ ಕಾಯುವಿಕೆಯ ಫಲವಲ್ಲ.

ಹಾಗಾದರೆ ಒಳ್ಳೆಯ ಮನಸ್ಸಿದ್ದವನು ಒಳ್ಳೆಯ ಛಾಯಾಗ್ರಾಹಕ ಎಂದು ಮುಗಿಸಿಬಿಡೋಣ ಎಂದರೆ ತೋಮಾಸರೇ ಅಡ್ಡ ಬರುತ್ತಾರೆ. ಕಲೆಗಾರನನ್ನು ಅಳೆಯುವುದು ಅವನ ಕೆಲಸದಿಂದ, ಅವನ ಉದ್ದೇಶದಿಂದಲ್ಲ ಎನ್ನುತ್ತಾರೆ ಅವರು. ನಿಜವೇ. ಕುಡುಕ ಬಡಗಿಯ ಬೆಂಚಿನ ಮೇಲೂ ನಾವು ನೆಮ್ಮದಿಯಾಗಿ ಕೂರುತ್ತೇವೆ. ದಿನಾ ಜಪಸರ ಮಾಡುವವನ ಕೈ ನಡುಗಿದರೆ ಚಿತ್ರ ಮಸುಕೇ. ಆದರೆ ಅವರು ಇನ್ನೊಂದನ್ನೂ ಹೇಳುತ್ತಾರೆ: ಮಾಡುವ ವಸ್ತುವಿಗೆ ಕಲೆ ಬೇಕು, ನಡೆದುಕೊಳ್ಳುವ ರೀತಿಗೆ ವಿವೇಕ ಬೇಕು. ಬೆಂಚು ಮಾಡುವಾಗ ಮರಕ್ಕೆ ನೋವಿಲ್ಲ. ಮನುಷ್ಯನ ಮುಖವನ್ನು ತೆಗೆಯುವಾಗ ನಾವು ಒಂದು ವಸ್ತುವನ್ನು ಮಾಡುತ್ತೇವೆ, ಜೊತೆಗೆ ಒಬ್ಬ ವ್ಯಕ್ತಿಯೊಡನೆ ನಡೆದುಕೊಳ್ಳುತ್ತೇವೆ. ಕಾಫಿ ಕೊಯ್ಲಿನ ದಿನಗಳಲ್ಲಿ ಹೋಂಸ್ಟೇಗೆ ಬಂದವರು, ದೂರದ ರಾಜ್ಯದಿಂದ ದುಡಿಯಲು ಬಂದ ಹೆಂಗಸನ್ನೋ, ಲೈನ್ ಮನೆಯ ಬಾಗಿಲಲ್ಲಿ ನಿಂತ ಅವಳ ಮಗುವನ್ನೋ ಒಂದು ಮಾತೂ ಕೇಳದೆ ಸೆರೆಹಿಡಿದು ಜಗತ್ತಿಗೆಲ್ಲ ಕಳುಹಿಸುವುದುಂಟು. ಚಿತ್ರ ಸುಂದರವಾಗಿಯೇ ಇರಬಹುದು. ತೆಗೆದವನು ಒಳ್ಳೆಯ ಬಡಗಿ. ಆದರೆ ಮರ ಯಾರ ತೋಟದ್ದೆಂದು ಕೇಳದ ಬಡಗಿ.

ಶಿಲುಬೆಯ ಹಾದಿಯ ಆರನೆಯ ಸ್ಥಳವನ್ನು ನೆನೆಯಿರಿ. ವೆರೋನಿಕಾಳ ಹೆಸರು ಶುಭಸಂದೇಶಗಳಲ್ಲಿಲ್ಲ, ಧರ್ಮಸಭೆಯ ಪರಂಪರೆ ಅವಳನ್ನು ಉಳಿಸಿಕೊಂಡು ಬಂದಿದೆ. ಛಾಯಾಗ್ರಾಹಕರು ಅವಳನ್ನು ತಮ್ಮ ಪಾಲಕ ಸಂತಳೆಂದು ಕರೆಯುತ್ತಾರೆ. ಅಲ್ಲಿ ನೋಡುವವರ ಗುಂಪೇ ಇತ್ತು, ಚಿತ್ರ ದೊರೆತದ್ದು ಅವಳೊಬ್ಬಳಿಗೆ. ಅವಳು ಚಿತ್ರಕ್ಕೆಂದು ಬಂದವಳಲ್ಲ, ಬೆವರು ಮತ್ತು ರಕ್ತ ಒರೆಸಲು ಬಂದವಳು. ಒರೆಸುವಷ್ಟು ಹತ್ತಿರ ಹೋಗಬೇಕಾದರೆ ಸೈನಿಕರನ್ನು ದಾಟಬೇಕಿತ್ತು. ಯೇಸುಸ್ವಾಮಿಯ ಮುಖವನ್ನು ಅವಳು ಕಸಿದುಕೊಳ್ಳಲಿಲ್ಲ, ಅವರೇ ಕೊಟ್ಟರು.

ಇದಕ್ಕೆ ತೀರ ವಿರುದ್ಧವಾದದ್ದೂ ಈಗ ಬಂದಿದೆ. 2023ರ ಮಾರ್ಚಿನಲ್ಲಿ ಜಗದ್ಗುರು ಫ್ರಾನ್ಸಿಸರು ಉಬ್ಬಿದ ಬಿಳಿ ಕೋಟು ತೊಟ್ಟ ಚಿತ್ರವೊಂದು ಲೋಕವೆಲ್ಲ ಸುತ್ತಿತು. ಎಷ್ಟೋ ಜನ ನಂಬಿದರು. ಅಂಥ ಕೋಟು ಇರಲೇ ಇಲ್ಲ, ಎದುರು ನಿಂತು ತೆಗೆದವನೂ ಇರಲಿಲ್ಲ. ಯಂತ್ರ ಹೆಣೆದ ಚಿತ್ರವದು. 2024ರ ಸಮೂಹ ಸಂಪರ್ಕ ದಿನದ ಸಂದೇಶದಲ್ಲಿ ಅವರು ಇಂಥ ಸುಳ್ಳು ಚಿತ್ರಗಳ ಬಗ್ಗೆ ಎಚ್ಚರಿಸುತ್ತ, ತಾವೂ ಅದಕ್ಕೆ ಗುರಿಯಾದದ್ದನ್ನು ಹೇಳಿದರು. ಆ ಚಿತ್ರದಲ್ಲಿ ಬೆಳಕು, ಬಣ್ಣ, ನೆರಳು ಯಾವುದಕ್ಕೂ ಕೊರತೆಯಿರಲಿಲ್ಲ. 'ನಾನು ಅಲ್ಲಿದ್ದೆ, ಕಂಡೆ' ಎಂದು ಹೇಳಬಲ್ಲ ಒಬ್ಬ ಮನುಷ್ಯ ಇರಲಿಲ್ಲ. ಛಾಯಾಗ್ರಾಹಕನ ಕೆಲಸದಲ್ಲಿ ಯಂತ್ರಕ್ಕೆ ಒಪ್ಪಿಸಲಾಗದೆ ಉಳಿಯುವುದು ಈ ಸಾಕ್ಷಿಯೇ ಎಂದು ನನಗನ್ನಿಸುತ್ತದೆ. ಸಾಕ್ಷಿಯನ್ನು ಕೇಳಿದರೆ ಅವನು ಉತ್ತರ ಕೊಡಬೇಕಾಗುತ್ತದೆ.

ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಶವಪೆಟ್ಟಿಗೆಯ ಸುತ್ತ ಕುಟುಂಬವೆಲ್ಲ ನಿಂತ ಒಂದು ಚಿತ್ರ ಇದ್ದರೂ ಇರಬಹುದು. ಇಂದಿನ ಮಕ್ಕಳು ಅದನ್ನು ಕಂಡು ಹೆದರುತ್ತಾರೆ. ಅಂದು ಬೊಂಬಾಯಿಯಲ್ಲೋ ಕುವೈತಿನಲ್ಲೋ ಇದ್ದ ಮಗನಿಗೆ ತಾಯಿಯ ಕೊನೆಯ ಮುಖ ಕಾಣುತ್ತಿದ್ದುದು ಅದರಲ್ಲಿ ಮಾತ್ರ. ಪೇಟೆಯಿಂದ ಬಂದ ಸ್ಟುಡಿಯೋದವನು ಪ್ರಾರ್ಥನೆ ಮುಗಿಯುವವರೆಗೆ ಅಂಗಳದಲ್ಲಿ ಕಾಯುತ್ತಿದ್ದ. ಕರೆದಾಗ ಒಳಗೆ ಬಂದು, ಒಂದೋ ಎರಡೋ ಚಿತ್ರ ತೆಗೆದು, ತಲೆಬಾಗಿ ಹೊರಡುತ್ತಿದ್ದ. ಆ ಚಿತ್ರವನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಅವನ ಸ್ಟುಡಿಯೋದ ಹೆಸರು, ಊರು, ರಬ್ಬರ್ ಮುದ್ರೆಯಲ್ಲಿ ಇನ್ನೂ ಇದ್ದೀತು.