ಕಟ್ಟಿದ ತಂತಿ, ಬಿಚ್ಚುವ ಕಾಲ



ಗಿಡವನ್ನು ಕತ್ತರಿಸಿ ಬೆಳೆಸುವುದು ನಮಗೆ ಹೊಸದಲ್ಲ. ದ್ರಾಕ್ಷಿ ಬೆಳೆಗಾರರು ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಚಾಟ್ನಿ ಮಾಡುತ್ತಾರೆ. ಕತ್ತರಿ ಕಾಣದ ಬಳ್ಳಿ ಸರಿಯಾಗಿ ಕಾಯಿ ಕಟ್ಟದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಎಷ್ಟು ಕತ್ತರಿಸಬೇಕು, ಎಷ್ಟು ದಿನ ಕಟ್ಟಿಡಬೇಕು ಎಂಬುದು ತೋಟದಲ್ಲಿ ತಿಳಿದಷ್ಟು ಸುಲಭವಾಗಿ ಮನೆಯಲ್ಲಿ ತಿಳಿಯುವುದಿಲ್ಲ. ಅದನ್ನು ತಿಳಿಯಲು ಬೋನ್ಸಾಯ್ ಎಂಬ ವಿದ್ಯೆಯ ಕಡೆ ಸ್ವಲ್ಪ ನೋಡೋಣ.

ಜಪಾನೀ ಭಾಷೆಯಲ್ಲಿ ‘ಬೋನ್’ ಎಂದರೆ ತಟ್ಟೆಯಂಥ ಕುಂಡ, ‘ಸಾಯ್’ ಎಂದರೆ ನೆಡುವುದು. ಚೀನದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ ವಿದ್ಯೆ ಇದು. ಅಂಗೈಯಗಲದ ಕುಂಡದಲ್ಲಿ ನಿಂತ ಮರವನ್ನು ಕಂಡು ಇದು ಕುಳ್ಳ ಜಾತಿಯ ಬೀಜವೆಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ಹಳೇ ಬಾವಿಯ ಕಲ್ಲುಸಂದಿಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಹುಟ್ಟಿದ ಅರಳಿ ಸಸಿಯನ್ನು ತಾವೆಲ್ಲ ನೋಡಿದ್ದೀರಿ. ಬೇರಿಗೆ ಮಣ್ಣು ಸಾಲದೆ ಅದು ವರ್ಷಗಟ್ಟಲೆ ಮೊಣಕಾಲೆತ್ತರವೇ ಇರುತ್ತದೆ. ಅದನ್ನೇ ಕಿತ್ತು ಹೊಲದ ಬದುವಿನಲ್ಲಿ ಇಟ್ಟರೆ ದೊಡ್ಡ ಮರವಾಗುತ್ತದೆ. ಬೋನ್ಸಾಯ್ ಕೂಡ ಹಾಗೆಯೇ. ಹೊರಗೆ ಚಿಕ್ಕದು, ಒಳಗೆ ಪೂರ್ಣ ಮರ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವ ನಮಗೆ, ಹಿರಿದು ಕಿರಿದರಲ್ಲಿ ನೆಲೆಸೀತು ಎಂದು ಬೇರೆ ಹೇಳಬೇಕಿಲ್ಲ.

ಈ ವಿದ್ಯೆಯ ಮೊದಲ ಪಾಠ: ಮೊದಲು ಬೆಳೆಯಲು ಬಿಡು, ಆಮೇಲೆ ತಿದ್ದು. ಸಸಿಯನ್ನು ಮೊದಲ ದಿನವೇ ತಟ್ಟೆಗೆ ಹಾಕಿದರೆ ಅದರ ಬೊಡ್ಡೆ ದಪ್ಪವಾಗುವುದೇ ಇಲ್ಲ. ಕೊನೆಯವರೆಗೂ ಕಡ್ಡಿಯಂತೆ ಉಳಿಯುತ್ತದೆ. ಆದ್ದರಿಂದ ಬಲ್ಲವರು ಅದನ್ನು ಮೂರು ನಾಲ್ಕು ವರ್ಷ ನೆಲದಲ್ಲಿ ಅಥವಾ ದೊಡ್ಡ ಕುಂಡದಲ್ಲಿ ಬಿಡುತ್ತಾರೆ. ಬೊಡ್ಡೆ ಬಲಿತ ಮೇಲೆ ತುದಿಯನ್ನು ಕತ್ತರಿಸಿ, ಹೊಸದಾಗಿ ಒಡೆದ ಚಿಗುರುಗಳಲ್ಲಿ ಒಂದನ್ನು ತುದಿಯಾಗಿ ಆರಿಸುತ್ತಾರೆ. ಕೊಂಬೆಗಳಿಗೆ ಆಕಾರ ಕೊಡುವುದು ಅದರ ನಂತರ. ತಟ್ಟೆಕುಂಡ ಎಲ್ಲಕ್ಕಿಂತ ಕೊನೆಗೆ.

ಎರಡನೆಯದು ತಂತಿಯ ಪಾಠ. ಅಲ್ಯೂಮಿನಿಯಂ ಅಥವಾ ತಾಮ್ರದ ಮೆತ್ತನೆಯ ತಂತಿಯನ್ನು ಕೊಂಬೆಗೆ ಓರೆಯಾಗಿ ಸುತ್ತಿ, ಬೇಕಾದ ಕಡೆಗೆ ಮೆಲ್ಲಗೆ ಬಾಗಿಸುತ್ತಾರೆ. ಎಳೆಯ ಕೊಂಬೆ ಬಾಗುತ್ತದೆ, ಬಲಿತದ್ದು ಮುರಿಯುತ್ತದೆ. ಆದರೆ ಗಿಡ ಬೆಳೆಯುತ್ತಲೇ ಇರುತ್ತದೆ, ತಂತಿ ಬೆಳೆಯುವುದಿಲ್ಲ. ಅರಳಿ, ಆಲದಂಥ ಬೇಗ ಬೆಳೆಯುವ ಗಿಡದಲ್ಲಿ ಕೆಲವೇ ವಾರಗಳಲ್ಲಿ ತಂತಿ ತೊಗಟೆಯೊಳಗೆ ಇಳಿಯತೊಡಗುತ್ತದೆ. ಆಗ ತಂತಿಯನ್ನು ಬಿಚ್ಚಬೇಕು. ಕೊಂಬೆ ಮತ್ತೆ ಹಳೆಯ ಜಾಗಕ್ಕೆ ಮರಳಿದರೆ ಬೇರೆ ಜಾಗದಲ್ಲಿ ಮತ್ತೆ ಸುತ್ತಬಹುದು. ಬಿಚ್ಚಲು ಮರೆತರೆ ಮಾತ್ರ ಸುರುಳಿಯಾಕಾರದ ಗಾಯ ಬೀಳುತ್ತದೆ. ಅದು ಮಾಯಲು ವರ್ಷಗಳೇ ಹಿಡಿಯುತ್ತವೆ, ಕೆಲವು ಮಾಯುವುದೇ ಇಲ್ಲ.

‘ಹೀಗೆ ಕಟ್ಟುವುದು ಗಿಡಕ್ಕೆ ಹಿಂಸೆಯಲ್ಲವೇ?’ ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಬೋನ್ಸಾಯ್‌ ಅನ್ನು ಉಪವಾಸ ಕೆಡವಿ ಚಿಕ್ಕದು ಮಾಡುವುದಿಲ್ಲ. ಗೊಬ್ಬರ, ಬಿಸಿಲು, ಗಾಳಿ ಎಲ್ಲವೂ ಅದಕ್ಕೆ ಬೇಕು. ಎರಡು ಮೂರು ವರ್ಷಕ್ಕೊಮ್ಮೆ ಕುಂಡದಿಂದ ತೆಗೆದು, ಸುತ್ತಿಕೊಂಡ ಬೇರುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಕತ್ತರಿಸಿ, ಹೊಸ ಮಣ್ಣು ಕೊಡುತ್ತಾರೆ. ಹೊಸ ಬೇರು ಬಂದು ಗಿಡ ಮತ್ತೆ ಎಳೆಯದಾಗುತ್ತದೆ. ಬೇಸಿಗೆಯಲ್ಲಿ ಒಂದು ದಿನ ನೀರು ತಪ್ಪಿದರೂ ಹತ್ತಾರು ವರ್ಷದ ದುಡಿಮೆ ಒಣಗಿಹೋದೀತು. ದಿನನಿತ್ಯದ ಈ ಆರೈಕೆಯೇ ಕಾಯಕ. ಹಿಂಸೆ ತಂತಿಯಲ್ಲಿಲ್ಲ, ಕಟ್ಟಿ ಮರೆಯುವುದರಲ್ಲಿದೆ.

ಈ ಕಾಯಕಕ್ಕೆ ಒಂದು ದೊಡ್ಡ ಸಾಕ್ಷಿ ಇದೆ. ಜಪಾನಿನ ಹಿರೋಶಿಮಾದಲ್ಲಿ ಯಾಮಾಕಿ ಎಂಬ ಮನೆತನದವರು ಒಂದು ಬಿಳಿ ಪೈನ್ ಮರವನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದಿದ್ದರು. ಅದು 1625ರಿಂದ ಕುಂಡದಲ್ಲಿ ಬೆಳೆದ ಮರ. 1945ರ ಆಗಸ್ಟ್ 6ರಂದು ಅಣುಬಾಂಬ್ ಬಿದ್ದಾಗ ಅದು ಆ ಸ್ಥಳದಿಂದ ಸುಮಾರು 3 ಕಿಲೋಮೀಟರ್ ದೂರದಲ್ಲಿ, ಒಂದು ಎತ್ತರದ ಗೋಡೆಯ ಮರೆಯಲ್ಲಿತ್ತು, ಹಾಗಾಗಿ ಉಳಿಯಿತು. ಅಮೆರಿಕದ ಸ್ವಾತಂತ್ರ್ಯಕ್ಕೆ ಇನ್ನೂರು ವರ್ಷ ತುಂಬಿದ 1976ರಲ್ಲಿ ಜಪಾನ್ ಆ ದೇಶಕ್ಕೆ 53 ಬೋನ್ಸಾಯ್‌ಗಳನ್ನು ಕಾಣಿಕೆ ಕೊಟ್ಟಿತು. ಅದರಲ್ಲಿ ಮಸಾರು ಯಾಮಾಕಿ ಅವರು ಕೊಟ್ಟ ಈ ಮರವೂ ಇತ್ತು. ತಮ್ಮ ಊರಿನ ಮೇಲೆ ಬಾಂಬ್ ಹಾಕಿದ ದೇಶಕ್ಕೇ ಅವರು ಅದನ್ನು ಒಪ್ಪಿಸಿದರು. 2001ರಲ್ಲಿ ಅವರ ಮೊಮ್ಮಕ್ಕಳಿಬ್ಬರು ವಾಷಿಂಗ್ಟನ್ನಿಗೆ ಮರವನ್ನು ನೋಡಲು ಬಂದ ಮೇಲೆಯೇ ಈ ಹಿನ್ನೆಲೆ ಅಲ್ಲಿಯವರಿಗೆ ತಿಳಿಯಿತು. ಲೆಕ್ಕದ ಮಾತಿನಲ್ಲಿ ಹೇಳುವುದಾದರೆ, ಒಬ್ಬರ ಆಖೈರು ಶಿಲ್ಕು ಮುಂದಿನವರ ಆರಂಭ ಶಿಲ್ಕಾಗುತ್ತ ಬಂದ ಖಾತೆ ಅದು. ಯಾರೊಬ್ಬರೂ ‘ಇದು ನನ್ನ ಕಾಲಕ್ಕೇ ಮುಗಿಯಲಿ’ ಎನ್ನಲಿಲ್ಲ.

ಬಂಧುಗಳೇ, ಈಗ ನಮ್ಮ ಮನೆಗಳನ್ನು ನೋಡಿಕೊಳ್ಳೋಣ. ಮಗನಿಗೆ ನಲವತ್ತು ದಾಟಿದೆ. ಗಲ್ಲೆಯ ಕೀಲಿ ಇನ್ನೂ ತಂದೆಯ ಉಡಿದಾರದಲ್ಲಿದೆ. ಯಾರಿಗೆ ಉದ್ರಿ ಕೊಡಬೇಕು, ಯಾವ ಹೊಲಕ್ಕೆ ಯಾವ ಬೀಜ ಹಾಕಬೇಕು ಎಂಬುದನ್ನು ಅವನು ಇಂದಿಗೂ ಕೇಳಿಯೇ ಮಾಡಬೇಕು. ಸೊಸೆ ಬಂದು ಹದಿನೈದು ವರ್ಷವಾಯಿತು; ಉಗ್ರಾಣದ ಕೀಲಿ ಅತ್ತೆಯ ಸೆರಗಿನ ಗಂಟಿನಲ್ಲಿದೆ. ಮಗ ಚಿಕ್ಕವನಿದ್ದಾಗ ತಂದೆ ಕಟ್ಟಿದ್ದು ಸರಿಯಾಗಿಯೇ ಇತ್ತು. ಅಂದು ಕಟ್ಟದಿದ್ದರೆ ಕೊಂಬೆ ಬೇಕಾದ ಹಾಗೆ ಬೆಳೆಯುತ್ತಿತ್ತು. ಆದರೆ ಅಂದಿನ ತಂತಿ ಇಂದೂ ಇದ್ದರೆ ಅದು ಸಂಸ್ಕಾರವಲ್ಲ, ಗಾಯ. ಅಂಥ ಮಗ ಒಂದೋ ಮನೆ ಮುರಿದು ಬೇರೆಯಾಗುತ್ತಾನೆ, ಇಲ್ಲವೇ ತಂದೆ ಕಣ್ಣು ಮುಚ್ಚಿದ ಮರುದಿನ ಏನೂ ತಿಳಿಯದೆ ಗಾದಿಯ ಮೇಲೆ ಕೂಡುತ್ತಾನೆ. ಎರಡೂ ನಷ್ಟವೇ.

ಇತ್ತ ಇನ್ನೊಂದು ತಪ್ಪೂ ಇದೆ. ಐದು ವರ್ಷದ ಕೂಸನ್ನೇ ನಸುಕಿನಿಂದ ರಾತ್ರಿಯವರೆಗೆ ಪಾಠಕ್ಕೆ ದೂಡಿ, ಬೊಡ್ಡೆ ಬಲಿಯುವ ಮೊದಲೇ ತಟ್ಟೆಯಲ್ಲಿಡುವವರು ಇದ್ದಾರೆ. ಆಡಲಿ, ಹೊಲದಲ್ಲಿ ಓಡಲಿ, ಮನೆಯ ಮಾತನ್ನು ಬಾಯಿತುಂಬ ಆಡಲಿ. ಬೇರು ಬಲಿತ ಮೇಲೆ ತಿದ್ದಲು ಕಾಲವಿದೆ.

ಆದ್ದರಿಂದ ಹಿರಿಯರಲ್ಲಿ ಇಷ್ಟೇ ವಿನಂತಿ. ಈ ದೀಪಾವಳಿಗೆ ಅಂಗಡಿಯ ಪೂಜೆ ಮಾಡುವಾಗ ಹೊಸ ಖಾತೆಯ ಮೊದಲ ಸಾಲನ್ನು ಮಗನ ಕೈಯಿಂದ ಬರೆಯಿಸಿರಿ, ಗಲ್ಲೆಯ ಕೀಲಿಯನ್ನೂ ಕೊಡಿರಿ. ಅವನು ತಪ್ಪಿದರೆ ತಿದ್ದಲು ತಾವು ಪಕ್ಕದಲ್ಲೇ ಇದ್ದೀರಿ. ತಾವಿರುವಾಗ ಬಿಚ್ಚಿದ ತಂತಿಯನ್ನು ಮತ್ತೆ ಸುತ್ತಬಹುದು. ತಾವು ಹೋದ ಮೇಲೆ ಬಿಚ್ಚಿಕೊಂಡದ್ದನ್ನು ಸುತ್ತುವವರಿಲ್ಲ.